ಇನ್ಸುಲಿನ್ ಓದಿದವರು ಸಿರಿಂಜನ್ನೂ ಹಿಡಿಯಲಿ

ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಇನ್ಸುಲಿನ್ ಬಗ್ಗೆ ಕೇಳಿದರೆ ಅವರು ಕೊಡುವ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ. ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಕೆಲಸ ಶುರುಮಾಡುತ್ತದೆ, ಎರಡು-ಮೂರು ಗಂಟೆಯ ಹೊತ್ತಿಗೆ ಅದರ ಜೋರು ಹೆಚ್ಚು, ಆರರಿಂದ ಎಂಟು ಗಂಟೆಯಲ್ಲಿ ಮುಗಿಯುತ್ತದೆ. ಎನ್‌ಪಿಎಚ್ ಎಂಬ ಬಗೆ ನಿಧಾನವಾಗಿ ಏರಿ ಹನ್ನೆರಡು ಗಂಟೆಗಿಂತ ಹೆಚ್ಚು ನಿಲ್ಲುತ್ತದೆ. ಗ್ಲಾರ್ಜಿನ್ ಎಂಬ ಇನ್ನೊಂದು ಬಗೆ ಏರಿಳಿತವಿಲ್ಲದೆ ಸುಮಾರು ಒಂದು ದಿನ ಬರುತ್ತದೆ. ಇಷ್ಟನ್ನು ಅವರು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಅದೇ ವಿದ್ಯಾರ್ಥಿಯನ್ನು ವಾರ್ಡಿನ ಒಂದು ಮಂಚದ ಬಳಿ ನಿಲ್ಲಿಸಿ, ನಾಳೆ ಡಿಸ್ಚಾರ್ಜ್ ಆಗಿ ಮಾನ್ವಿ ತಾಲ್ಲೂಕಿನ ತಮ್ಮ ಹಳ್ಳಿಗೆ ಹೋಗುವ ಈ ತಾಯಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಯಾವ ಸಿರಿಂಜಿನಲ್ಲಿ ಔಷಧ ಎಳೆದುಕೊಳ್ಳುತ್ತಾರೆ, ಬಾಟಲಿಯನ್ನು ಮನೆಯಲ್ಲಿ ಎಲ್ಲಿಡುತ್ತಾರೆ ಎಂದು ಕೇಳಿ ನೋಡಿ. ಬಹುಮಟ್ಟಿಗೆ ಮೌನವೇ ಉತ್ತರ.

ರಾಯಚೂರಿನಲ್ಲಿ ಜನರಲ್ ಮೆಡಿಸಿನ್ ಕಲಿಸುವವನಾಗಿ ನನಗನ್ನಿಸುವುದು ಇಷ್ಟು: ಟೈಪ್ 2 ಮಧುಮೇಹಕ್ಕೆ ಇನ್ಸುಲಿನ್ ಕೊಡುವುದನ್ನು ನಾವು ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರದ ಒಂದು ಪಾಠವಾಗಿ ಕಲಿಸಿ ಕೈತೊಳೆದುಕೊಂಡಿದ್ದೇವೆ. ರೋಗಿ ತಾನೇ ತನ್ನ ಸಿರಿಂಜಿನಲ್ಲಿ ಒಂದು ಡೋಸ್ ಎಳೆದು ಚುಚ್ಚಿಕೊಳ್ಳುವುದನ್ನು ಪಕ್ಕದಲ್ಲಿ ನಿಂತು ನೋಡದ ಹೌಸ್ ಸರ್ಜನ್ (ಎಂಬಿಬಿಎಸ್ ಪರೀಕ್ಷೆ ಮುಗಿಸಿ ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿ ಪಡೆಯುವ ವೈದ್ಯ), ಆ ರೋಗಿಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಇನ್ಸುಲಿನ್ ಬರೆಯಕೂಡದು ಎಂಬ ನಿಯಮ ಪ್ರತಿಯೊಂದು ವೈದ್ಯಕೀಯ ಕಾಲೇಜಿನಲ್ಲೂ ಬರಬೇಕು. ಯಾಕೆ ಇಷ್ಟು ಕಟ್ಟುನಿಟ್ಟು ಎಂಬುದನ್ನು ವಿವರಿಸಲು ಈ ಬರಹ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಬೇಕು.

ಮೊದಲಿಗೆ ವಿದ್ಯಾರ್ಥಿಗಳ ತಲೆಯಲ್ಲಿರುವ ಇನ್ಸುಲಿನ್‌ನ ಕಥೆಯನ್ನೇ ನೋಡೋಣ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಡೆಸಿದ ಪ್ರಯೋಗಗಳು, 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು, ಅದರಿಂದ ಹೆಚ್ಚು ಫಲ ಸಿಗದಾಗ ಅವರ ತಂಡದ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಕೆಲವೇ ದಿನಗಳಲ್ಲಿ ಮತ್ತೆ ಕೊಟ್ಟು ಆ ಹುಡುಗನನ್ನು ಉಳಿಸಿಕೊಂಡದ್ದು, 1923ರ ನೊಬೆಲ್. ರೋಮಾಂಚಕ ಕಥೆ, ನಾನೂ ತರಗತಿಯಲ್ಲಿ ಹೇಳುತ್ತೇನೆ. ಆದರೆ ಇದು ಪೂರ್ತಿ ಟೈಪ್ 1ರ ಕಥೆ. ಇನ್ಸುಲಿನ್ ಒಂದಿಷ್ಟೂ ಉತ್ಪತ್ತಿಯಾಗದ ಮಗುವಿಗೆ ಅದನ್ನು ಹೊರಗಿನಿಂದ ಕೊಟ್ಟು ಜೀವ ಉಳಿಸಿದ ಕಥೆ. ನಮ್ಮ ಹೊರರೋಗಿ ವಿಭಾಗಕ್ಕೆ ಬರುವ ಐವತ್ತೈದರ ರೈತನದು ಬೇರೆಯೇ ಪರಿಸ್ಥಿತಿ. ಅವನ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುತ್ತದೆ, ಆದರೆ ಸಾಲುವಷ್ಟಲ್ಲ. ತಯಾರಾದದ್ದಕ್ಕೂ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಹೀಗಾಗಿ ಪಠ್ಯದಲ್ಲಿ ಅವನ ಅಧ್ಯಾಯ ಮಾತ್ರೆಗಳಿಂದ ಶುರುವಾಗಿ ಕೊನೆಯ ಪುಟದಲ್ಲಿ ಇನ್ಸುಲಿನ್‌ಗೆ ಬಂದು ನಿಲ್ಲುತ್ತದೆ. ಪುಟದ ಕೊನೆಗೆ ಬರುವ ಔಷಧ ರೋಗದ ಕೊನೆಗೆ ಬರುವ ಔಷಧ ಎಂದು ವಿದ್ಯಾರ್ಥಿ ತಿಳಿದರೆ ಅವನೊಬ್ಬನನ್ನೇ ದೂರಲಾಗದು.

ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಫಲಿತಾಂಶ ಪ್ರಕಟವಾದ ಯುಕೆಪಿಡಿಎಸ್ ಎಂಬ ಟೈಪ್ 2 ಮಧುಮೇಹದ ಅಧ್ಯಯನ ಈ ಗ್ರಹಿಕೆಯನ್ನು ಬದಲಿಸಬೇಕಿತ್ತು. ಕಾಯಿಲೆ ಪತ್ತೆಯಾಗುವ ದಿನಕ್ಕೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಸಾಮರ್ಥ್ಯದಲ್ಲಿ ಸುಮಾರು ಅರ್ಧ ಹೋಗಿರುತ್ತದೆ, ಉಳಿದದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇರುತ್ತದೆ ಎಂಬುದನ್ನು ಅದು ತೋರಿಸಿತು. ಅಂದರೆ ಹತ್ತು-ಹನ್ನೆರಡು ವರ್ಷ ಮಾತ್ರೆಯಲ್ಲಿದ್ದ ರೋಗಿಗೆ ಇನ್ಸುಲಿನ್ ಬೇಕಾದರೆ ಅದು ಅವನು ಪಥ್ಯ ಕೆಡಿಸಿದ್ದಕ್ಕೆ ಸಿಕ್ಕ ಶಿಕ್ಷೆಯಲ್ಲ, ಕಾಯಿಲೆಯ ಸಹಜ ನಡೆ. ವಾರ್ಡಿನಲ್ಲಿ ಮಾತ್ರ "ಇನ್ನ ಮ್ಯಾಲ ಹಿಂಗ ತಿಂದ್ರ ಸೂಜೀನ ಹಚ್ಚಬೇಕಾಗ್ತದ ನೋಡ್ರಿ" ಎಂದು ಹೌಸ್ ಸರ್ಜನ್ನುಗಳು ರೋಗಿಯನ್ನು ಹೆದರಿಸುವುದನ್ನು ನಾನು ಇಂದಿಗೂ ಕೇಳುತ್ತೇನೆ. ಹೀಗೆ ಗದರಿಸಿಕೊಂಡು ಮನೆಗೆ ಹೋದವನು ಎರಡು ವರ್ಷದ ನಂತರ ನಿಜವಾಗಿಯೂ ಇನ್ಸುಲಿನ್ ಬೇಕಾದಾಗ ಒಲ್ಲೆ ಎಂದರೆ, ಆ ಒಲ್ಲೆಯನ್ನು ಅವನಿಗೆ ಕಲಿಸಿದವರು ನಾವೇ ಆಗಿರುತ್ತೇವೆ.

ಈ ಭಾಗದ ಜನರಲ್ಲಿ ಬೇರೂರಿದ ನಂಬಿಕೆ ಎಂದರೆ, ಇನ್ಸುಲಿನ್ ಹಚ್ಚಿದರೆ ಕಿಡ್ನಿ ಹೋಗುತ್ತದೆ, ಕಣ್ಣು ಹೋಗುತ್ತದೆ ಎಂಬುದು. ವಿದ್ಯಾರ್ಥಿಗಳು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ, ಆದರೆ ಅದು ಹುಟ್ಟಿದ್ದು ಹೇಗೆಂದು ಯೋಚಿಸುವುದಿಲ್ಲ. ಇನ್ಸುಲಿನ್ ಅನ್ನು ವರ್ಷಗಟ್ಟಲೆ ಮುಂದೂಡಿ, ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಹನ್ನೊಂದೋ ಹನ್ನೆರಡೋ ಆಗಿ, ಕಿಡ್ನಿಗೆ ಆಗಲೇ ಪೆಟ್ಟಾದ ಗುರುತಾಗಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡ ಮೇಲೆ ಶುರುಮಾಡಿದರೆ, ಮುಂದಿನ ಎರಡು-ಮೂರು ವರ್ಷದಲ್ಲಿ ಕಿಡ್ನಿ ಕೈಕೊಡುವುದು ಆಶ್ಚರ್ಯವಲ್ಲ. ಊರವರ ಕಣ್ಣಿಗೆ ಬೀಳುವುದು ಸೂಜಿ ಮೊದಲು, ಡಯಾಲಿಸಿಸ್ ಆಮೇಲೆ. ಅವರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಇದನ್ನು ರೋಗಿಯ ಮುಂದೆ ಐದು ನಿಮಿಷ ಕೂತು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾನು ಕಣ್ಣುಮುಚ್ಚಿ ಅಂಕ ಕೊಡುತ್ತೇನೆ.

ಶುಗರ್ 300 ದಾಟಿದ್ದರೆ, ಎಚ್‌ಬಿಎ1ಸಿ ಹತ್ತಕ್ಕಿಂತ ಹೆಚ್ಚಿದ್ದರೆ, ರೋಗಿ ತೂಕ ಕಳೆದುಕೊಂಡು ಸೊರಗುತ್ತಿದ್ದರೆ ಮೊದಲ ದಿನವೇ ಇನ್ಸುಲಿನ್ ಯೋಚಿಸಬೇಕು. ಹಾಗೆ ಶುರುಮಾಡಿದ್ದನ್ನು ಶುಗರ್ ಹತೋಟಿಗೆ ಬಂದ ಮೇಲೆ ಎಷ್ಟೋ ರೋಗಿಗಳಲ್ಲಿ ನಿಲ್ಲಿಸಿ ಮಾತ್ರೆಗೆ ಮರಳಬಹುದು. ಸೋಂಕು, ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆಗಳ ವಿಚಾರವೂ ಹೀಗೆಯೇ. ಒಮ್ಮೆ ಹಚ್ಚಿದರೆ ಜೀವನಪೂರ್ತಿ ಎಂಬ ಮಾತು ಟೈಪ್ 1ಕ್ಕೆ ಸರಿ, ಟೈಪ್ 2ಕ್ಕೆ ಯಾವಾಗಲೂ ಅಲ್ಲ. ಡೋಸ್ ಲೆಕ್ಕವೂ ಭಯಪಡುವಂಥದ್ದೇನಲ್ಲ. ರಾತ್ರಿ ಹತ್ತು ಯೂನಿಟ್ ಬೇಸಲ್ ಇನ್ಸುಲಿನ್ (ಗ್ಲಾರ್ಜಿನ್‌ನಂತೆ ನಿಧಾನವಾಗಿ ದೀರ್ಘಕಾಲ ಕೆಲಸ ಮಾಡುವ ಬಗೆ), ಇಲ್ಲವೇ ತೂಕದ ಪ್ರತಿ ಕಿಲೋಗೆ 0.1ರಿಂದ 0.2 ಯೂನಿಟ್‌ನಿಂದ ಆರಂಭಿಸಿ, ಬೆಳಗಿನ ಖಾಲಿಹೊಟ್ಟೆಯ ಶುಗರ್ 80ರಿಂದ 130ರ ನಡುವೆ ಬರುವವರೆಗೆ ಮೂರು ದಿನಕ್ಕೊಮ್ಮೆ ಎರಡೆರಡು ಯೂನಿಟ್ ಏರಿಸುತ್ತ ಹೋಗುವುದು. ಮಗ್ಗಿ ಬರುವ ಯಾರಿಗಾದರೂ ಬರುವ ಲೆಕ್ಕ. ಇನ್ಸುಲಿನ್ ಬರೆದ ಕೂಡಲೇ ಎಲ್ಲ ಮಾತ್ರೆಗಳಿಗೂ ಅಡ್ಡಗೆರೆ ಎಳೆಯುವ ಅಭ್ಯಾಸವೊಂದಿದೆ. ಕಿಡ್ನಿ ಸರಿಯಿದ್ದರೆ ಮೆಟ್‌ಫಾರ್ಮಿನ್ ಮುಂದುವರಿಯಬೇಕು, ಅದರಿಂದ ಇನ್ಸುಲಿನ್ ಕಡಿಮೆ ಸಾಕಾಗುತ್ತದೆ, ತೂಕವೂ ಅಷ್ಟಾಗಿ ಏರುವುದಿಲ್ಲ. ದೇಹದಿಂದಲೇ ಹೆಚ್ಚು ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನು, ಅದರಲ್ಲೂ ಊಟಕ್ಕೆ ಮುಂಚಿನ ಇನ್ಸುಲಿನ್ ಇರುವಾಗ, ತೆಗೆಯುವುದು ವಾಸಿ.

ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಸಿಗದೇ ಇರುವುದು ಮುಂದಿನದು.

ಸಿರಿಂಜಿನ ವಿಚಾರವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವ ಅಗ್ಗದ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಮಿಲಿಗೆ 40 ಯೂನಿಟ್‌ನವು. ಪೆನ್ನಿನ ಕಾರ್ಟ್ರಿಜ್‌ಗಳು, ಕೆಲವು ಬಾಟಲಿಗಳು ಮಿಲಿಗೆ 100 ಯೂನಿಟ್‌ನವು. ಸಿರಿಂಜೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ವಾರ್ಡಿಗೆ ಮೂರನೇ ಸಲ ದಾಖಲಾಗಿದ್ದ ಒಬ್ಬ ತಾಯಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಇದ್ದರೂ ಶುಗರ್ 350ರ ಕೆಳಗೆ ಬರುತ್ತಿರಲಿಲ್ಲ. ಕೇಸ್ ಒಪ್ಪಿಸಿದ ವಿದ್ಯಾರ್ಥಿ ಇನ್ಸುಲಿನ್ ರೆಸಿಸ್ಟೆನ್ಸ್‌ನ (ಇನ್ಸುಲಿನ್‌ಗೆ ದೇಹ ಸ್ಪಂದಿಸದಿರುವುದರ) ಕಾರಣಗಳನ್ನು ಒಂದೊಂದಾಗಿ ಹೇಳುತ್ತಿದ್ದ, ಆಂಟಿಬಾಡಿಯವರೆಗೂ ಹೋಗಿದ್ದ. ನಾನು ಆ ತಾಯಿಯ ಕಡೆ ತಿರುಗಿ, "ಅಮ್ಮಾ, ಮನ್ಯಾಗ ಹೆಂಗ ತಗೋತೀರಿ, ಹಂಗ ಒಮ್ಮೆ ಮಾಡಿ ತೋರಸ್ರಿ" ಎಂದೆ. ಅವರು ದಿಂಬಿನ ಕೆಳಗಿನ ಕೈಚೀಲದಿಂದ 40ರ ಬಾಟಲಿಯನ್ನೂ ಕಿತ್ತಳೆ ಮುಚ್ಚಳದ ಸಿರಿಂಜನ್ನೂ ತೆಗೆದರು. "ಮೆಡಿಕಲ್‌ನ್ಯಾಗ ಇದ ಕೊಟ್ಟಾರ್ರೀ ಸರ, ಕೆಂಪುದು ಖಾಲಿ ಆಗ್ಯಾವ ಅಂದ್ರು. ಸೂಜಿ ಯಾದಾದ್ರೇನ್ರೀ?" ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಮಿಲಿ, 40ರ ಬಾಟಲಿಯಿಂದ ಅಷ್ಟೇ ಎಳೆದರೆ ದೇಹಕ್ಕೆ ಹೋಗುವುದು ಎಂಟು ಯೂನಿಟ್. ಚೀಟಿಯಲ್ಲಿ 20 ಇದೆ, ಗೆರೆಯೂ 20ಕ್ಕೇ ಇದೆ, ಎಲ್ಲರೂ ಸರಿ; ಔಷಧ ಮಾತ್ರ ಅರ್ಧಕ್ಕಿಂತ ಕಡಿಮೆ. ಇದರ ತಿರುಗುಮುರುಗು ಇನ್ನೂ ಅಪಾಯಕಾರಿ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ರಾತ್ರಿ ಹೊತ್ತು ಒಬ್ಬರೇ ಮಲಗುವ ವೃದ್ಧರಿಗೆ ಹೀಗಾದರೆ ಬೆಳಿಗ್ಗೆ ಎಬ್ಬಿಸುವವರು ಬೇಕಾಗುತ್ತದೆ. ಪರೀಕ್ಷೆಯಲ್ಲಿ ಈ ಲೆಕ್ಕ ಕೊಟ್ಟರೆ ಎಲ್ಲ ವಿದ್ಯಾರ್ಥಿಗಳೂ ಬಿಡಿಸುತ್ತಾರೆ. ಕೈಚೀಲ ಬಿಚ್ಚಿ ನೋಡಬೇಕೆಂದು ಮಾತ್ರ ಯಾರಿಗೂ ತೋಚುವುದಿಲ್ಲ.

ಅದೇ ತಾಯಿಯ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಲು ವಿದ್ಯಾರ್ಥಿಗೆ ಹೇಳಿದೆ. ಹೊಕ್ಕುಳದ ಬಲಕ್ಕೆ ರಬ್ಬರಿನಂತೆ ಮೆತ್ತಗಿನ ಒಂದು ಗಡ್ಡೆ ಸಿಕ್ಕಿತು. ದಿನವೂ ಅಲ್ಲೇ ಚುಚ್ಚಿಕೊಂಡು ಕೊಬ್ಬು ದಪ್ಪಗಾದ ಜಾಗ. ಅಲ್ಲಿ ನೋವಾಗುವುದಿಲ್ಲ, ಆದ್ದರಿಂದ ರೋಗಿಗೆ ಅದೇ ಇಷ್ಟ, ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ಇದ್ದಂತೆ ಇನ್ನೊಂದು ದಿನ ರಕ್ತಕ್ಕೆ ಸೇರುವುದಿಲ್ಲ. ಜಾಗ ಬದಲಿಸಿ ಎಂದು ಹೇಳುವಾಗ ಡೋಸನ್ನೂ ಸ್ವಲ್ಪ ಇಳಿಸಬೇಕಾಗಬಹುದು, ಏಕೆಂದರೆ ಹೊಸ ಜಾಗದಿಂದ ಔಷಧ ಪೂರ್ತಿ ಸೇರತೊಡಗಿದರೆ ಶುಗರ್ ಕುಸಿಯುತ್ತದೆ. ಹೃದಯದ ಸದ್ದನ್ನು ಕಿವಿಗೊಟ್ಟು ಕೇಳುವ, ಯಕೃತ್ತಿನ ಅಂಚನ್ನು ಬೆರಳಿನಿಂದ ಹುಡುಕುವ ನಮ್ಮ ವಿದ್ಯಾರ್ಥಿಗಳು ಚುಚ್ಚಿದ ಜಾಗವನ್ನು ಮುಟ್ಟಿ ನೋಡುವುದಿಲ್ಲ; ಕೇಸ್ ಷೀಟಿನಲ್ಲಿ ಅದಕ್ಕೊಂದು ಸಾಲಿಲ್ಲ, ಅಷ್ಟೇ.

ಇನ್ನು ಊಟದ ಹೊತ್ತು. 30/70 ಮಿಶ್ರಣವನ್ನು (ಮೂವತ್ತು ಪಾಲು ರೆಗ್ಯುಲರ್, ಎಪ್ಪತ್ತು ಪಾಲು ಎನ್‌ಪಿಎಚ್) ಬೆಳಿಗ್ಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ ಎಂದು ಬರೆಯುವವನ ಕಣ್ಣ ಮುಂದೆ ಇರುವುದು ಎಂಟು ಗಂಟೆಗೆ ಇಡ್ಲಿ ತಿನ್ನುವ ಹಾಸ್ಟೆಲ್ ಮೆಸ್. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಕೂಲಿಗೆ ಹೋಗುವ ಹೆಂಗಸು ಆರು ಗಂಟೆಗೆ ಚಹಾ ಕುಡಿದು, ಇನ್ಸುಲಿನ್ ಚುಚ್ಚಿಕೊಂಡು, ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಾಳೆ. ಬುತ್ತಿ ಬಿಚ್ಚುವುದು ಹತ್ತು ಗಂಟೆಗೆ. ಎಂಟು-ಒಂಬತ್ತರ ಹೊತ್ತಿಗೆ ರೆಗ್ಯುಲರ್ ಭಾಗ ಜೋರಾಗಿರುತ್ತದೆ, ಹೊಟ್ಟೆ ಖಾಲಿ, ಮೇಲೆ ಬಗ್ಗಿ ದುಡಿಯುವ ಮೈ. ಕಣ್ಣಿಗೆ ಕತ್ತಲೆ ಕಟ್ಟಿ, ಬೆವರಿ, ಕೈ ನಡುಗಿ ಹೊಲದಲ್ಲೇ ಕೂತವಳು ಮರುದಿನದಿಂದ ಇನ್ಸುಲಿನ್ ಬಿಟ್ಟುಬಿಟ್ಟರೆ ನಮ್ಮ ದಾಖಲೆಯಲ್ಲಿ ಅವಳು "ಔಷಧ ಸರಿಯಾಗಿ ತೆಗೆದುಕೊಳ್ಳದ ರೋಗಿ" ಆಗುತ್ತಾಳೆ. ಸೂಜಿಯನ್ನು ಬುತ್ತಿಯ ಹೊತ್ತಿಗೆ ಹೊಂದಿಸುವುದು, ಇಲ್ಲವೇ ಬೇಸಲ್ ಇನ್ಸುಲಿನ್‌ಗೆ ಬದಲಾಯಿಸುವುದು, ಏನೂ ಆಗದಿದ್ದರೆ ಮನೆ ಬಿಡುವ ಮುಂಚೆ ಒಂದು ರೊಟ್ಟಿಯಾದರೂ ಉಣ್ಣಿಸುವುದು, ಈ ಮೂರರಲ್ಲಿ ಯಾವುದು ಅವಳಿಗೆ ಸಾಧ್ಯ ಎಂದು ಕೇಳಿ ತಿಳಿಯುವುದೇ ಚಿಕಿತ್ಸೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮಾಡುವವನ ಊಟದ ಹೊತ್ತು ಬೇರೆ, ರಾತ್ರಿಯಿಡೀ ಲಾರಿ ಓಡಿಸುವವನದು ಬೇರೆ. ಕಾಲುವೆ ನೀರಿನ ಸಿಂಧನೂರು, ಗಂಗಾವತಿ ಕಡೆಯ ಅನ್ನದ ತಟ್ಟೆಗೂ ಮಳೆ ನಂಬಿದ ಊರುಗಳ ಜೋಳದ ರೊಟ್ಟಿಗೂ ಊಟವಾದ ಮೇಲಿನ ಶುಗರ್ ಒಂದೇ ಬಗೆಯಲ್ಲಿ ಏರುವುದಿಲ್ಲ. ಗುಳೆ ಹೋಗುವವರ ಮಾತಂತೂ ಕೇಳಲೇಬೇಡಿ. ಮೂರು ತಿಂಗಳ ಮಟ್ಟಿಗೆ ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ಹೋದವರ ಇನ್ಸುಲಿನ್ ಏನಾಯಿತೆಂದು ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ.

ಶುಗರ್ 70ಕ್ಕಿಂತ ಕೆಳಗಿಳಿದರೆ ಹದಿನೈದು ಗ್ರಾಂ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಎಂಬುದು ಎಲ್ಲರಿಗೂ ಗೊತ್ತು. ಹದಿನೈದು ಗ್ರಾಂ ಅಂದರೆ ಮೂರು ಚಹಾ ಚಮಚ ಎಂದು ರೋಗಿಗೆ ಹೇಳುವವರು ಕಡಿಮೆ. ಪಿಷ್ಟ, ಸಕ್ಕರೆ ಜೀರ್ಣವಾಗುವುದನ್ನು ನಿಧಾನಿಸುವ ವೋಗ್ಲಿಬೋಸ್ ಮಾತ್ರೆಯೂ ಜೊತೆಗಿದ್ದರೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು ಎಂದು ನೆನಪಿಟ್ಟುಕೊಳ್ಳುವವರು ಇನ್ನೂ ಕಡಿಮೆ, ಆ ಮಾತ್ರೆ ನಮ್ಮ ಚೀಟಿಗಳಲ್ಲಿ ಅಷ್ಟೊಂದು ಇದ್ದರೂ. ಎಚ್ಚರ ತಪ್ಪಿದವರ ಬಾಯಿಗೆ ಸಕ್ಕರೆ ನೀರು ಹಾಕಬಾರದು ಎಂಬುದನ್ನು ಮನೆಯವರಿಗೆ ಹೇಳುವುದು ಡಿಸ್ಚಾರ್ಜ್‌ನ ಭಾಗ ಎಂದು ಯಾರೂ ತಿಳಿದಿಲ್ಲ. ಹಾಗೆಯೇ, ಹಲವು ವರ್ಷದ ರೋಗಿಯೊಬ್ಬ ಡೋಸ್ ಏರಿಸದೆಯೇ ಶುಗರ್ ತಾನಾಗಿ ಇಳಿದಿದೆ ಎಂದು ಖುಷಿಯಿಂದ ಬಂದರೆ, ವಿದ್ಯಾರ್ಥಿಯೂ ಖುಷಿಪಡುತ್ತಾನೆ. ಅಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಬೇಕು. ಇನ್ಸುಲಿನ್ ಅನ್ನು ದೇಹದಿಂದ ತೆಗೆಯುವ ಕೆಲಸದಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಕುಗ್ಗಿದಾಗ ಹಳೆಯ ಡೋಸೇ ಹೆಚ್ಚಾಗುತ್ತದೆ.

ಔಷಧ ಇಡುವ ಜಾಗದ ಪ್ರಶ್ನೆಗೆ ಸಿಗುವ ಉತ್ತರ ಒಂದೇ: ಎರಡರಿಂದ ಎಂಟು ಡಿಗ್ರಿ, ಫ್ರಿಜ್. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ನಲವತ್ತು ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು, ಫ್ರಿಜ್ ಎಲ್ಲರ ಮನೆಯಲ್ಲೂ ಇಲ್ಲ. ಬಳಕೆಯಲ್ಲಿರುವ ಬಾಟಲಿ ಮೂವತ್ತು ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಾಳುತ್ತದೆ. ಆ ಮೂವತ್ತನ್ನು ಕಾಪಾಡಲು ದೊಡ್ಡ ಮಣ್ಣಿನ ಗಡಿಗೆಯೊಳಗೆ ಒದ್ದೆ ಮರಳು ಹಾಕಿ, ಅದರಲ್ಲಿ ಸಣ್ಣ ಗಡಿಗೆ ಕೂಡಿಸಿ, ಒಳಗೆ ನೀರು ತಾಗದಂತೆ ಡಬ್ಬಿಯಲ್ಲಿ ಬಾಟಲಿ ಇಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಟ್ಟರೆ ಬಹುಪಾಲು ಆಗುತ್ತದೆ. ನೀರು ಆರಿ ತಂಪು ಕೊಡುವ ಈ ಉಪಾಯ ನಮ್ಮ ಅಜ್ಜಿಯರಿಗೆ ಹೊಸದಲ್ಲ. ಫ್ರಿಜ್ ಇರುವವರಲ್ಲಿ ಕೆಲವರು ಇನ್ನೂ ತಂಪಿರಲಿ ಎಂದು ಬಾಟಲಿಯನ್ನು ಐಸ್ ಆಗುವ ಖಾನೆಯಲ್ಲೇ ಇಡುತ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗವಿಲ್ಲ.

ವಾರ್ಡಿನಲ್ಲಿ ಅವರು ದಿನವೂ ಕಾಣುವುದಾದರೂ ಏನು? ಸ್ಲೈಡಿಂಗ್ ಸ್ಕೇಲ್. ಶುಗರ್ ಇಷ್ಟಿದ್ದರೆ ಇಷ್ಟು ಯೂನಿಟ್, ಅಷ್ಟಿದ್ದರೆ ಅಷ್ಟು ಎಂಬ ಚಿಕ್ಕ ಪಟ್ಟಿ, ಹಿರಿಯ ಹೌಸ್ ಸರ್ಜನ್‌ನಿಂದ ಕಿರಿಯನಿಗೆ ಮೊಬೈಲ್ ಫೋಟೋದಲ್ಲಿ ದಾಟಿಬರುತ್ತದೆ. ಅದೊಂದನ್ನೇ ನೆಚ್ಚಿಕೊಂಡರೆ ನಾವು ಏರಿದ ಶುಗರ್‌ನ ಹಿಂದೆ ಓಡುತ್ತಿರುತ್ತೇವೆ; ಏರದಂತೆ ತಡೆಯುವ ಬೇಸಲ್ ಇನ್ಸುಲಿನ್ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ಸ್ಲೈಡಿಂಗ್ ಸ್ಕೇಲ್ ಒಂದರಿಂದಲೇ ಚಿಕಿತ್ಸೆ ನಡೆಸಬಾರದು ಎಂದು ಮಾರ್ಗಸೂಚಿಗಳು ಹೇಳಿ ವರ್ಷಗಳಾದವು. ಪಟ್ಟಿ ಮಾತ್ರ ಗೋಡೆಯ ಮೇಲಿದೆ.

ಇದರಲ್ಲಿ ವಿದ್ಯಾರ್ಥಿಗಳ ಪಾಲು ಎಷ್ಟು, ನಮ್ಮ ಪಾಲು ಎಷ್ಟು? 2019ರಿಂದ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಸರಿಯಾದ ವಿಧಾನವನ್ನು ರೋಗಿಗೆ ತೋರಿಸಿ ತಿಳಿಹೇಳುವುದು ವಿದ್ಯಾರ್ಥಿಗೆ ಬರಬೇಕು ಎಂದು ಸ್ಪಷ್ಟವಾಗಿಯೇ ಇದೆ. ಲಾಗ್‌ಬುಕ್ಕಿನಲ್ಲಿ ಅದರ ಮುಂದೆ ಸಹಿಯೂ ಇರುತ್ತದೆ. ಸಹಿ ಹಾಕುವ ನಾವು ನೋಡಿರುವುದು ಮೇಜಿನ ಮೇಲಿನ ರಬ್ಬರ್ ಮಾದರಿಗೆ ಚುಚ್ಚಿದ್ದನ್ನು. ವಾರ್ಡಿನಲ್ಲಿ ಚುಚ್ಚುವವರು ಸಿಸ್ಟರ್. ರೋಗಿಗೆ ತಿಳಿಹೇಳಲು ಸಮಯವಾದರೆ ಅವರೇ ಹೇಳುತ್ತಾರೆ, ಆಗದಿದ್ದರೆ ಮೆಡಿಕಲ್ ಅಂಗಡಿಯ ಹುಡುಗ ಹೇಳುತ್ತಾನೆ. ಹೌಸ್ ಸರ್ಜನ್‌ನ ಇಡೀ ವರ್ಷದ ಮೇಲೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ನೆರಳಿದೆ, ಕೈಯಲ್ಲಿ ಬಹು ಆಯ್ಕೆ ಪ್ರಶ್ನೆಗಳ (ಎಂಸಿಕ್ಯೂ) ಆಪ್ ಇದೆ, ಅಲ್ಲಿ ಕಿತ್ತಳೆ ಮುಚ್ಚಳದ ಸಿರಿಂಜಿರುವ ಕೈಚೀಲ ಬರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೇತೃತ್ವದ ಸಮೀಕ್ಷೆ 2023ರಲ್ಲಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಅವರೆಲ್ಲರನ್ನೂ ತಜ್ಞರು ನೋಡಲಾರರು; ನೋಡುವವರು ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರುವ ಇದೇ ಎಂಬಿಬಿಎಸ್ ವೈದ್ಯರು.

ನನ್ನ ಈ ನಿಯಮದ ಮಾತಿಗೆ ಸಹೋದ್ಯೋಗಿಗಳು ಎತ್ತುವ ಆಕ್ಷೇಪ ಸಮಯದ್ದು. ಹೊರರೋಗಿ ವಿಭಾಗದಲ್ಲಿ ಬೆಳಗಿನಿಂದ ನಿಂತ ಸಾಲಿನ ಮುಂದೆ ಒಬ್ಬೊಬ್ಬರಿಂದ ಸಿರಿಂಜು ಎಳೆಸುತ್ತ ಕೂರಲಾಗದು ಎಂಬುದನ್ನು ಒಪ್ಪುತ್ತೇನೆ. ಅದಕ್ಕೇ ನಾನು ಕೇಳುತ್ತಿರುವುದು ಡಿಸ್ಚಾರ್ಜ್ ಆಗುವವರ ಬಗ್ಗೆ ಮಾತ್ರ. ಕಾರ್ಡ್ ಸಿದ್ಧವಾಗಲು, ಬಿಲ್ ಆಗಲು, ಊರಿಂದ ಗಾಡಿ ಬರಲು ಅವರು ಹೇಗಿದ್ದರೂ ಮಂಚದ ಮೇಲೆ ಅರ್ಧ ದಿನ ಕಾಯುತ್ತಿರುತ್ತಾರೆ. ಆ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಸಾಕು: ಚೀಲ ಬಿಚ್ಚಿಸಿ ಬಾಟಲಿ-ಸಿರಿಂಜು ಜೋಡಿ ನೋಡುವುದು, ಮೋಡದಂತೆ ಮಬ್ಬಾಗಿರುವ ಇನ್ಸುಲಿನ್‌ನ ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಲು ಹೇಳುವುದು, ಗೆರೆ ಅವರಿಗೆ ಕಾಣುತ್ತದೆಯೇ ಎಂದು ಕೇಳುವುದು (ಕಾಣದವರು ನಾವು ಎಣಿಸುವುದಕ್ಕಿಂತ ಹೆಚ್ಚು, ಆಗ ಮೊಮ್ಮಗಳನ್ನು ಕರೆದು ಅವಳಿಗೆ ಕಲಿಸಬೇಕು), ಹೊಟ್ಟೆ ಮುಟ್ಟಿ ನೋಡುವುದು, ಊಟದ ಹೊತ್ತು ಕೇಳಿ ಕಾರ್ಡಿನಲ್ಲಿ ಗಂಟೆ ಸಮೇತ ಬರೆಯುವುದು. ಇದನ್ನು ಮಾಡಿದ ಹೌಸ್ ಸರ್ಜನ್ ಕಾರ್ಡಿನ ಕೆಳಗೆ ತನ್ನ ಹೆಸರು ಬರೆಯಲಿ. ತಿಂಗಳ ನಂತರ ಆ ರೋಗಿ ಮರಳಿ ಬಂದಾಗ ಅದೇ ಹೌಸ್ ಸರ್ಜನ್‌ನನ್ನು ಕರೆಸಿ ಶುಗರ್ ತೋರಿಸೋಣ. ನನ್ನ ಯೂನಿಟ್ಟಿನಲ್ಲಿ ಮುಂದಿನ ಬ್ಯಾಚಿನಿಂದ ಇದನ್ನು ಶುರುಮಾಡುತ್ತಿದ್ದೇನೆ. ಬಳ್ಳಾರಿ, ಕೊಪ್ಪಳದಲ್ಲಿ ಕಲಿಸುತ್ತಿರುವ ಗೆಳೆಯರು ಬೇರೆ ಬಗೆಯಲ್ಲಿ ಮಾಡುತ್ತಿದ್ದರೆ, ಅದರಲ್ಲೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಇಟ್ಟಿದ್ದರೆ, ಹೇಗೆಂದು ಇಲ್ಲಿ ಬರೆಯಬೇಕೆಂದು ಕೋರುತ್ತೇನೆ.